ತೂತಿನ ಕಾಗದದ ಪಾಳಿ

ಆದಪ್ಪನ ಜೀವ ಆ ದಿನ ಬಾಯಿಗೆ ಬರಲು ಕಾರಣ ಒಂದು ಖಾಲಿ ಖಾನೆ. ಕಂಪ್ಯೂಟರಿನ ಪರದೆಯ ಮೇಲೆ ಬೆರಳಗಲವೂ ಇರದ ಒಂದು ಬಿಳಿ ಖಾನೆ. ಅದರಲ್ಲಿ ತಾರೀಖು ಬರೆಯಬೇಕಿತ್ತು. ಹಾಸ್ಟೆಲಿನಲ್ಲಿ ರೊಟ್ಟಿ ಮುಗಿದುಹೋದೀತು ಎಂಬ ಭಯಕ್ಕೆ ಹಿಂದಿನ ಸಂಜೆ ಅದನ್ನು ಹಾಗೇ ಬಿಟ್ಟು ಎದ್ದು ಓಡಿದ್ದ.

ಭಯ ಅವನಿಗೆ ಹೊಸದೇನಲ್ಲ. ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವರು ಹತ್ತಿದರೆ, ಟಿಕೆಟ್ಟು ಅಂಗೈಯಲ್ಲೇ ಇದ್ದರೂ ಬೆವರುವ ಪ್ರಾಣಿ ಅವನು. ಯಾರಾದರೂ ಹಿಂದಿನಿಂದ "ಏ ತಮ್ಮಾ" ಅಂದರೆ ಮೊದಲು ತಪ್ಪೊಪ್ಪಿಕೊಂಡು ಆಮೇಲೆ ತಿರುಗಿ ನೋಡುತ್ತಿದ್ದ. ಇಂಥವನನ್ನು ಕಂಪ್ಯೂಟರ್ ಡಿಪ್ಲೊಮಾ ಮೂರನೇ ವರ್ಷದವರೆಗೆ ದೂಡಿಕೊಂಡು ಬಂದಿದ್ದು ಅವ್ವನ ಭಯ. ಅವ್ವ ಗದ್ದೆಮ್ಮ ವಳಕಮದಿನ್ನಿಯವಳು. ಆಕೆ ದನಿ ಎತ್ತಿದರೆ ಪಂಚಾಯಿತಿಯ ಹಿರಿಯರು ಎದುರಿನ ದಾರಿ ಬಿಟ್ಟು ಹಿತ್ತಲ ದಾರಿ ಹಿಡಿಯುತ್ತಿದ್ದರು.

ಲಿಂಗಸುಗೂರಿನ ಆ ಖಾಸಗಿ ಕಾಲೇಜಿನಲ್ಲಿ ತಗಡಿನ ಸೂರಿನಡಿ ನಾಲ್ಕು ಕಂಪ್ಯೂಟರುಗಳಿದ್ದವು. ಅವುಗಳ ಉಸ್ತುವಾರಿ ಬಸ್ಸಪ್ಪ ಸರ್ ಅವರದು. ಆದರೆ ಅವರಿಗೆ ಕಂಪ್ಯೂಟರ್ ಎಂದರೆ ದೂರದಿಂದಲೇ ನಮಸ್ಕಾರ. ದಿನಾ ಬೀಗ ತೆಗೆದು ಹೊಸ್ತಿಲ ಈಚೆಗೇ ನಿಂತು, "ಏನರ ಕೆಟ್ರ ನಿಮ್ಮ ಮ್ಯಾಲ, ಏನರ ಚಲೋ ಆದ್ರ ಕಾಲೇಜಿನ ಮ್ಯಾಲ" ಎಂದು ಹೇಳಿ ಸ್ಟಾಫ್ ರೂಮಿಗೆ ಹೋಗಿಬಿಡುತ್ತಿದ್ದರು. ಹೀಗಾಗಿ ಆ ಕೋಣೆಯ ಆಳ್ವಿಕೆ ಪೂರ್ತಿ ವಿದ್ಯಾರ್ಥಿಗಳದೇ.

ಅದು ತೊಂಬತ್ತೊಂಬತ್ತನೇ ಇಸವಿ. ಆ ಹುಡುಗ ಹುಡುಗಿಯರು ಸೇರಿ ಒಂದು ಕಂಪ್ಯೂಟರನ್ನು ಸರ್ವರ್ ಮಾಡಿ, ಫೋನಿನ ತಂತಿಗೆ ಜೋಡಿಸಿ, ಮಸ್ಕಿಯ ಒಂದು ಎಸ್‌ಟಿಡಿ ಬೂತಿಗೂ ಸಿಂಧನೂರಿನ ಒಂದು ಬೂತಿಗೂ ವೆಬ್ ಸೇವೆ ಕೊಡುತ್ತಿದ್ದರು. ಬೂತಿನವರು ಫೋನು ಹಚ್ಚಿದರೆ ಅಲ್ಲಿನ ಪರದೆಯ ಮೇಲೆ ಬಸ್ಸಿನ ವೇಳೆ, ಭತ್ತದ ಧಾರಣೆ ಮೂಡುತ್ತಿತ್ತು; ಬೇಕೆಂದವರಿಗೆ ಪ್ರಿಂಟರಿನ ತೂತಂಚಿನ ಕಾಗದದ ಮೇಲೆ ತೆಗೆದುಕೊಡುತ್ತಿದ್ದರು. ಇಷ್ಟೆಲ್ಲ ಕಟ್ಟಲು ಅವರು ಮಹಾ ವಿದ್ಯೆಯನ್ನೇನೂ ಬಳಸಿರಲಿಲ್ಲ. ಹಿಂದಿನ ವರ್ಷ ಪಾಸಾದವರು ಬಿಟ್ಟುಹೋದ ಸಿ.ಡಿ.ಯೊಂದರಲ್ಲಿ ವೆಬ್ ಪುಟ ಕಟ್ಟುವ ಸಿದ್ಧ ಚೌಕಟ್ಟು ಇತ್ತು. ಯಾವ ಯಾವ ಖಾನೆ ಬೇಕು ಎಂದು ಹೇಳಿದರೆ ಸಾಕು, ತುಂಬುವ ಪುಟ, ನೋಡುವ ಪುಟ, ಮುದ್ರಿಸುವ ಪುಟ ಎಲ್ಲವನ್ನೂ ಅದೇ ಹೊಲಿದು ಕೊಡುತ್ತಿತ್ತು. ಅಷ್ಟೇ ಅಲ್ಲ, ಹೊಸ ಪುಟ ಹುಟ್ಟಿದ ಕೂಡಲೇ ಯಾರನ್ನೂ ಕೇಳದೆ ಅದರ ಹೆಸರನ್ನು ಮೊದಲ ಪುಟದಲ್ಲಿ ಸೇರಿಸುತ್ತಿತ್ತು. ಅದಕ್ಕೆ ಇನ್ನೊಂದು ಚಟವೂ ಇತ್ತು. ತಾರೀಖಿನ ಖಾನೆ ಖಾಲಿ ಇದ್ದರೆ, ಪುಟ ತೆರೆದ ದಿನದ ತಾರೀಖನ್ನು ಅದೇ ಕೂರಿಸಿಕೊಳ್ಳುತ್ತಿತ್ತು.

ಹಿಂದಿನ ಸಂಜೆ ಆದಪ್ಪ ಕಟ್ಟಿದ್ದು ನೀರಿನ ಪಾಳಿಯ ಪುಟ. ಕಾಲುವೆಯ ನೀರು ಯಾವ ತೂಬಿಗೆ ಎಷ್ಟು ಗಂಟೆಗೆ ಎಂಬುದು ಅವರ ಕಡೆ ಹಿಂದಿನಿಂದ ಬಾಯಿಮಾತಿನಲ್ಲೇ ನಡೆದು ಬಂದದ್ದು. ಕಾಲುವೆ ಆಫೀಸಿನ ಸಾಹೇಬರು ಗೇಟು ಎತ್ತಿಳಿಸುವ ಮುದುಕಪ್ಪನಿಗೆ ಹೇಳುತ್ತಿದ್ದರು, ಮುದುಕಪ್ಪ ಚಹಾದಂಗಡಿಯಲ್ಲಿ ಹೇಳುತ್ತಿದ್ದ, ಸಂಜೆಯ ಹೊತ್ತಿಗೆ ಒಂದು ಪಾಳಿ ಮೂರು ಪಾಳಿಯಾಗಿ ಊರೂರಲ್ಲಿ ಜಗಳವಾಗುತ್ತಿತ್ತು. ಇದನ್ನು ಪುಟದ ಮೇಲೆ ತಂದರೆ ಸಾಹೇಬರಿಗೆ ತೋರಿಸಿ ಶಹಬಾಸ್ ಅನ್ನಿಸಿಕೊಳ್ಳಬಹುದು ಎಂಬುದು ಹುಡುಗರ ಆಸೆ.

ಪುಟ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಏನಾದರೂ ತುಂಬಬೇಕಲ್ಲ. ಆದಪ್ಪನಿಗೆ ಸುಳ್ಳು ಹೆಸರು ಹೊಳೆಯಲಿಲ್ಲ. ತನ್ನೂರ ಕಾಲುವೆಯ ತೂಬುಗಳನ್ನೇ ಬರೆದ, ವೇಳೆಯನ್ನು ಮಾತ್ರ ಬಾಯಿಗೆ ಬಂದ ಹಾಗೆ ಹಾಕಿದ. ಪ್ರತಿ ವರ್ಷ ಎಲ್ಲರ ಪಾಳಿ ಮುಗಿದ ಮೇಲೆ ಅಷ್ಟಿಷ್ಟು ನೀರು ಕಾಣುವ ಕಾಲುವೆಯ ತುದಿಯ ತೂಬಿಗೆ ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಪಾಳಿ ಕೊಟ್ಟ. ಬೆರಳು ಹಾಗೆ ಹೋಯಿತು, ಅಷ್ಟೇ.

ಪಕ್ಕದಲ್ಲಿ ಕೂತಿದ್ದ ಸಹಪಾಠಿ ಸಕೀನಾಬೀ ಇಣುಕಿ ನೋಡಿದಳು. ಆಕೆ ದಿನಾ ಮುದಗಲ್ಲಿನಿಂದ ಬಸ್ಸಿಗೆ ಬಂದು ಹೋಗುವವಳು. ಇಡೀ ತರಗತಿಯಲ್ಲಿ ಅಂಜಿಕೆಯ ಗಂಧವಿಲ್ಲದ ಒಬ್ಬಳೇ ಒಬ್ಬಳು.

"ಹನ್ನೊಂದ ತೂಬು ಅದಾವಲ್ಲೋ. ನಿಮ್ಮ ಹೊಲದ್ದು ಎಲ್ಲೈತಿ?"

"ನಮ್ಮದು ಕಾಲುವಿ ಬಾಯಾಗ ಐತಿ ಬೇ, ಹಗಲು ರಾತ್ರಿ ಹರೀತೈತಿ, ಅದಕ್ಯಾಕ ಪಾಳಿ? ಮ್ಯಾಲಾಗಿ ಯಾರರ ನೋಡಿದ್ರ, ತನ್ನ ಮನಿಗೆ ತಾನ ನೀರು ಬರಕೊಂಡಾನ ಅಂತಾರ."

"ಇದು ಬರೇ ಪರೀಕ್ಷೆಗೆ ಅಲ್ಲೇನೋ?"

"ಅದೂ ಖರೇನ" ಎಂದು ಆದಪ್ಪ, ಪುಟದ ಕೊಟ್ಟಕೊನೆಗೆ ಒಂದು ಸಾಲು ಸೇರಿಸಿದ: 'ಇದು ಪರೀಕ್ಷೆಗಾಗಿ ಮಾತ್ರ, ಯಾರೂ ನಂಬಬಾರದು.' ಅಷ್ಟರಲ್ಲಿ ರೊಟ್ಟಿಯ ಗಂಟೆ ಬಾರಿಸಿತ್ತು.

ಮರುದಿನ ಎಂಟೂವರೆಗೆ ಸರ್ವರ್ ನೋಡಿಕೊಳ್ಳುವ ಸರದಿ ಆದಪ್ಪನದೇ. ಕುರ್ಚಿಯಲ್ಲಿ ಕೂರುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಸಿಂಧನೂರಿನ ಬೂತಿನ ಮಹಮ್ಮದಸಾಬ. ವಾರಕ್ಕೊಮ್ಮೆ ಅವ್ವನ ಹೇಳಿಕೆಗಳನ್ನು ಆದಪ್ಪನಿಗೆ ಮುಟ್ಟಿಸುವವನೂ ಅವನೇ.

"ಆದಪ್ಪಾ, ಮೊದಲ ನಿಮ್ಮವ್ವನ ಖಬರ್ ಕೇಳು. ಇವತ್ತು ನಿಮ್ಮ ಹೊಲದಾಗ ನಾಟಿ. ಇಪ್ಪತ್ತು ಮಂದಿ ಹೆಣ್ಣಾಳು ಬಂದಾರಂತ. ಕಾಲೇಜ್ ಐತಿ ಅಂತ ನೀ ತಪ್ಪಿಸ್ಕೊಂಡಿ ಅಂತ ಬೈಯಾಕತ್ತಾಳ."

"ಆಗ್ಲಿ ಮಾಮಾ."

"ಇನ್ನೊಂದು ಮಾತು. ನಿನ್ನ ನೀರಿನ ಪಾಳಿ ಚೀಟಿ ಭಾರಿ ಚಲೋ ಬಂದೈತಿ ನೋಡಪಾ! ನಿಮ್ಮೂರ ಕಾಲುವಿ ಅಂದ ಮ್ಯಾಲ ನೀನ ಬರದಿರಬೇಕು. ಮುಂಜಾನೆಯಿಂದ ಮೂವತ್ತು ತೆಗೆದು ಕೊಟ್ಟೀನಿ. ಜನ ಸಾಲು ಹಚ್ಚಿ ನಿಂತಾರ."

ಆದಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದ. "ಯಾವ ಪಾಳಿ ಮಾಮಾ? ಅದು ಸುಳ್ಳು ಪಾಳಿ! ಕೆಳಗ ಬರದೀನಲ್ಲ, ಯಾರೂ ನಂಬಬಾರದು ಅಂತ!"

"ಕೆಳಗ ಎಲ್ಲೈತಿ? ಹನ್ನೊಂದು ಸಾಲು ಮುಗಿದ ಮ್ಯಾಲ ಅರ್ಧ ಹಾಳಿ ಖಾಲಿನ ಇತ್ತು. ಸುಮ್ನ ಯಾಕ ದಂಡ ಅಂತ ಅಷ್ಟನ್ನ ಹರಿದು ಇಟ್ಕೊಂಡೀನಿ. ಫೋನ್ ನಂಬರ್ ಬರಕೊಳ್ಳಾಕ ಬೇಕಾಗ್ತೈತಿ."

ಮಹಮ್ಮದಸಾಬ ಬೂತು ತೆರೆದ ದಿನದಿಂದ ಯಾವ ಕಾಗದವನ್ನೂ ಇಡಿಯಾಗಿ ಯಾರಿಗೂ ಕೊಟ್ಟವನಲ್ಲ. ನಂಬಬಾರದು ಎಂಬ ಸಾಲುಗಳೆಲ್ಲ ಈಗ ಅವನ ಮೇಜಿನ ಮೇಲೆ ಸೂಜಿಗೆ ಪೋಣಿಸಿಕೊಂಡು ನಿಂತಿದ್ದವು. ನಂಬುವ ಸಾಲುಗಳು ಊರೂರಿಗೆ ಹೋಗಿದ್ದವು.

"ಜನಕ್ಕ ಹೇಳು ಮಾಮಾ, ಸುಳ್ಳು ಅಂತ ಹೇಳು!"

"ಹೇಳಿದ್ರ ಕೇಳ್ತಾರೇನೋ? ಅಂಚಿಗೆ ತೂತಿರೋ ಕಾಗದ ಅದು. ಕರೆಂಟ್ ಬಿಲ್ಲು ತೂತಿನ ಕಾಗದ, ಓಟಿನ ಪಟ್ಟಿ ತೂತಿನ ಕಾಗದ. ತೂತಿನ ಕಾಗದದಾಗ ಬಂದದ್ದನ್ನ ಯಾರು ಸುಳ್ಳು ಅಂತಾರ? ತುದಿ ತೂಬಿನವರಂತೂ ಸನಿಕಿ ಹೊತ್ಕೊಂಡು ಹೊಂಟಾರ. ಹನ್ನೆರಡಕ್ಕ ನೀರು ಬರ್ಲಿಲ್ಲಂದ್ರ ಗದ್ದಲ ಆಗ್ತೈತಿ ನೋಡು."

ಆದಪ್ಪ ಫೋನು ಇಟ್ಟವನೇ ಪುಟವನ್ನು ಅಳಿಸಿಹಾಕಿದ. ಪರದೆ ಸ್ವಚ್ಛವಾಯಿತು. ಎದೆ ಸ್ವಲ್ಪ ಹಗುರಾಯಿತು ಅನ್ನುವಷ್ಟರಲ್ಲಿ ಮಸ್ಕಿಯ ಬೂತಿನಿಂದ ಫೋನು ಬಂತು. ಆಗಷ್ಟೇ ಒಳಗೆ ಬಂದ ಸಕೀನಾಬೀ ಎತ್ತಿಕೊಂಡು ಕೇಳಿದಳು, "ಹೌದೇನ್ರೀ... ಹಂಗ ಅಂದ್ರೇನ್ರೀ..." ಎಂದು ಇಟ್ಟಳು.

"ಏನಂತ ಬೇ?"

"ಮುಂಜಾನೆ ಇದ್ದ ಪಾಳಿ ಈಗ ಮಾಯ ಆಗೈತಿ, ಮ್ಯಾಲಿನ ತೂಬಿನವರು ಯಾರನ್ನೋ ಹಿಡಿದು ಅಳಿಸ್ಯಾರ ಅಂತ ಜನ ಎದ್ದಾರಂತ. ಅಳಿಸಿದವ ಸಿಕ್ರ ಬಿಡಂಗಿಲ್ಲ ಅನ್ನಾಕತ್ತಾರಂತ."

ಆದಪ್ಪ ಹನ್ನೊಂದು ಸಾಲನ್ನೂ ಮತ್ತೆ ಬರೆದ, ತಾರೀಖಿನ ಖಾನೆ ಈ ಸಲವೂ ಖಾಲಿಯೇ ಉಳಿಯಿತು. ಬರೆದದ್ದೂ ತಪ್ಪು, ಅಳಿಸಿದ್ದೂ ತಪ್ಪು, ಮತ್ತೆ ಬರೆದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದ, ಅಷ್ಟು ಹೆದರಿಕೆಯಾಗಿತ್ತು. ಕಾಲೇಜಿನಿಂದ ಹೊರಗೆ ಹಾಕುತ್ತಾರೆ, ಪೊಲೀಸರು ಬರುತ್ತಾರೆ, ಅದೆಲ್ಲಕ್ಕಿಂತ ಮೊದಲು ಸನಿಕೆ ಬರುತ್ತದೆ.

"ಒಂದ ದಾರಿ ಐತಿ" ಎಂದಳು ಸಕೀನಾಬೀ. "ಹನ್ನೆರಡರೊಳಗ ಸಿಂಧನೂರಿಗೆ ಹೋಗಿ ಸಾಹೇಬ್ರ ಕಾಲಿಗೆ ಬೀಳು. ಅವರ ಬಾಯಿಂದ ಸುಳ್ಳು ಅಂತ ಹೇಳಿಸು."

"ನೀನೂ ಬಾ ಬೇ."

"ಸರ್ವರ್ ಯಾರು ಕಾಯೋದು? ಹೋಗೋ, ಬಸ್ಸು ಹೋಗ್ತೈತಿ!"

ಬಸ್ಸು ಮಸ್ಕಿ ಮುಟ್ಟುವವರೆಗೆ ಆದಪ್ಪ ಸಾಹೇಬರ ಮುಂದೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದ. ಮಸ್ಕಿಯಲ್ಲಿ ಹತ್ತು ಹನ್ನೆರಡು ಜನ ಸನಿಕೆ ಸಮೇತ ಹತ್ತಿದರು. ಅವನ ಪಾಠ ಅಲ್ಲಿಗೇ ಮರೆತುಹೋಯಿತು. ಎಲ್ಲರಿಗಿಂತ ದಪ್ಪ ಮೀಸೆಯ, ಎಲ್ಲರಿಗಿಂತ ದೊಡ್ಡ ಸನಿಕೆಯ ಒಬ್ಬ ನೆಟ್ಟಗೆ ಬಂದು ಆದಪ್ಪನ ಪಕ್ಕದಲ್ಲೇ ಕೂತ. ಹೆಸರು ದುರುಗಪ್ಪ, ಊರು ಮುಕ್ಕುಂದ, ಹೊಲ ಕಾಲುವೆಯ ತುದಿಗೆ. ಮಸ್ಕಿಗೆ ಬೀಗರ ಮನೆಗೆ ಬಂದವನು ಸುದ್ದಿ ಕೇಳಿ ಅರ್ಧ ಊಟಕ್ಕೆ ಎದ್ದು, ಬೀಗರನ್ನೂ ಎಬ್ಬಿಸಿಕೊಂಡು ಹೊರಟಿದ್ದ. ಇದನ್ನೆಲ್ಲ ಅವನು ಕೇಳದೆಯೇ ಹೇಳಿದ. ಆಮೇಲೆ ಸಿಂಧನೂರಿನ ಬಸ್ಸಿಗೆ ಬಂದವರು ತಂದುಕೊಟ್ಟ ಒಂದು ಕಾಗದವನ್ನು ಜೇಬಿನಿಂದ ತೆಗೆದ. ಅಂಚಿಗೆ ತೂತು, ಕೆಳಗೆ ಹರಿದದ್ದು.

"ತಮ್ಮಾ, ಓದಿದವನಂಗ ಕಾಣ್ತಿ. ಇದನ್ನ ಇನ್ನೊಮ್ಮೆ ಓದಿ ಹೇಳು. ಏಳು ಮಂದಿ ಕಡೆ ಓದಿಸೀನಿ, ಕೇಳಿದಷ್ಟೂ ಕೇಳಬೇಕು ಅನ್ನಿಸ್ತೈತಿ."

ಆದಪ್ಪ ತಾನು ಬರೆದದ್ದನ್ನು ತಾನೇ ಓದಿದ. ದನಿ ಎಲ್ಲಿಂದಲೋ ಬರುತ್ತಿತ್ತು. "ತುದಿ ತೂಬು... ಮಧ್ಯಾಹ್ನ ಹನ್ನೆರಡು ಗಂಟಿ..."

"ಆಹಾ! ನಮ್ಮ ಅಪ್ಪನ ಕಾಲದಿಂದ ಈ ಮಾತು ಯಾರ ಬಾಯಾಗೂ ಬಂದಿಲ್ಲ. ಸಸಿ ಹಳದಿ ತಿರಗ್ಯಾವ ತಮ್ಮಾ, ಇನ್ನ ಎರಡು ದಿನ ನೀರು ಬರ್ಲಿಲ್ಲಂದ್ರ ದನಕ್ಕ ಹಾಕೋದ. ಇದನ್ನ ಬರದವ ಲಿಂಗಸುಗೂರಾಗ ಆದಪ್ಪ ಅಂತ ಒಬ್ಬ ಅದಾನಂತ. ನೀರು ಬರ್ಲಿ, ಅವನ್ನ ಹೆಗಲ ಮ್ಯಾಲ ಹೊತ್ತು ಮೆರೆಸ್ತೀನಿ."

"ಬ... ಬರ್ಲಿಲ್ಲಂದ್ರ ಕಾಕಾ?"

ದುರುಗಪ್ಪ ಯೋಚಿಸಿದ. "ಕೆಸರಾಗ ಸಸಿ ಊರ್ತಾರ ನೋಡು, ಹಂಗ ಊರ್ತೀನಿ. ಆದ್ರ ತಲಿ ಕೆಳಗ ಮಾಡಿ." ಬೀಗರು ತಲೆಯಾಡಿಸಿ ಒಪ್ಪಿದರು. "ನಿನ್ನ ಹೆಸರೇನು ತಮ್ಮಾ?"

ಆದಪ್ಪನ ನಾಲಿಗೆಗೆ ಮೊದಲು ಸಿಕ್ಕ ಹೆಸರು ಹೊರಬಿತ್ತು. "ಬಸ್ಸಪ್ಪ."

"ಏನು ಮಾಡ್ತಿ?"

"ಲಿಂಗಸುಗೂರಾಗ ಮೇಷ್ಟ್ರು."

"ಇಷ್ಟು ಸಣ್ಣ ವಯಸ್ಸಿಗೆ!" ಎಂದು ದುರುಗಪ್ಪ ಕೈಮುಗಿದ. "ಮೇಷ್ಟ್ರ, ನೀವು ನಮಗ ದೇವರು ಸಿಕ್ಕಂಗ ಸಿಕ್ರಿ. ಕಾಲುವಿ ಆಫೀಸಿಗೆ ಹೊಂಟೀವಿ. ಸಾಹೇಬ್ರು ಇಂಗ್ಲೀಷ್ ಮಾತಾಡಿ ನಮ್ಮನ್ನ ಹೊರಗ ಹಾಕ್ತಾರ. ನೀವು ಮುಂದ ನಿಂತು ಇದನ್ನ ಓದಬೇಕು." ಅಷ್ಟು ಹೇಳಿ ಅವನು ಆದಪ್ಪನ ಮುಂಗೈ ಹಿಡಿದುಕೊಂಡ. ಸಿಂಧನೂರಿನಲ್ಲಿ ಇಳಿಯುವವರೆಗೂ ಬಿಡಲಿಲ್ಲ, ಇಳಿದ ಮೇಲೂ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ಹೊರಗೆ ಇನ್ನೂ ಮೂವತ್ತು ನಲವತ್ತು ಜನ ಕಾಯುತ್ತಿದ್ದರು. ಎಲ್ಲರ ಹೆಗಲ ಮೇಲೂ ಸನಿಕೆ, ಎಲ್ಲರ ಕೈಯಲ್ಲೂ ಕಾಗದ. ಮೆರವಣಿಗೆ ಕಾಲುವೆ ಆಫೀಸಿನ ಕಡೆ ಹೊರಟಿತು. ದಾರಿಯಲ್ಲಿ ಮಹಮ್ಮದಸಾಬನ ಬೂತು. ಅವನು ಕಂಡು ಹೆಸರು ಹಿಡಿದು ಕೂಗಿದರೆ ಕತೆ ಮುಗಿಯಿತೆಂದು ಆದಪ್ಪ ದುರುಗಪ್ಪನ ಹೆಗಲ ಮೇಲಿನ ಟವೆಲ್ಲನ್ನೇ ಎಳೆದು ತಲೆಗೆ ಸುತ್ತಿಕೊಂಡ.

"ಬಿಸಿಲು ತಡಿಯಂಗಿಲ್ಲೇನು ಮೇಷ್ಟ್ರಿಗೆ?" ಎಂದು ದುರುಗಪ್ಪ ಮರುಗಿದ.

ಸಾಹೇಬರು ಆಗಷ್ಟೇ ಡಬ್ಬಿಯ ಮುಚ್ಚಳ ತೆಗೆದಿದ್ದರು. ಅವರೂ ಧೈರ್ಯವಂತರೇನಲ್ಲ. ಅಂಗಳದ ತುಂಬ ಸನಿಕೆಗಳನ್ನು ಕಂಡು ಡಬ್ಬಿ ಮುಚ್ಚಿ ಹೊರಗೆ ಬಂದರು. ಗೇಟಿನ ಮುದುಕಪ್ಪ ಅವರ ಹಿಂದೆ ನಿಂತ.

"ಏನ್ರೀ ಇದು? ತುದಿಗೆ ನೀರು ಇನ್ನೂ ಹದಿನೈದು ದಿನ ಇಲ್ಲ ಅಂತ ಹೇಳಿರಲಿಲ್ವಾ?"

"ಮೇಷ್ಟ್ರ, ಓದ್ರಿ" ಎಂದ ದುರುಗಪ್ಪ.

ಆದಪ್ಪ ಓದಿದ. ಓದುತ್ತ ಓದುತ್ತ ಸಾಹೇಬರ ಮುಖದ ಮೇಲೇ ಕಣ್ಣಿಟ್ಟ. ಈಗ ಅವರು ನಗುತ್ತಾರೆ, ಯಾವ ಹುಚ್ಚ ಬರೆದ ಎನ್ನುತ್ತಾರೆ, ಆಮೇಲೆ ನಾನು ಕಾಲಿಗೆ ಬೀಳುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆದರೆ ಸಾಹೇಬರು ನಗಲಿಲ್ಲ. ಕಾಗದವನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಅಂಚಿನ ತೂತುಗಳನ್ನು ಒಂದೊಂದಾಗಿ ಸವರಿದರು. ಅವರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು.

ವಿಷಯ ಇಷ್ಟೇ. ತಿಂಗಳ ಹಿಂದೆ ಮೇಲಿನ ಆಫೀಸಿನಿಂದ ಒಂದು ಸುತ್ತೋಲೆ ಬಂದಿತ್ತು. ಕಂಪ್ಯೂಟರಿನ ಬಗ್ಗೆ ಏನೋ ಇತ್ತು. ಸಾಹೇಬರು ಓದದೆ ಸಹಿ ಹಾಕಿ ಕುರ್ಚಿಯ ದಿಂಬಿನ ಕೆಳಗೆ ಇಟ್ಟಿದ್ದರು. ಅವತ್ತಿನಿಂದ ಕುರ್ಚಿಯಲ್ಲಿ ಕೂತಾಗಲೆಲ್ಲ ಅದು ಚುಚ್ಚುತ್ತಿತ್ತು. ಇದೇ ಅದು, ಮೇಲಿನವರು ನೇರವಾಗಿ ಕಂಪ್ಯೂಟರಿನಿಂದಲೇ ಪಾಳಿ ಇಳಿಸಿದ್ದಾರೆ, ನನಗೊಬ್ಬನಿಗೇ ಗೊತ್ತಿಲ್ಲ ಎಂದು ಅವರಿಗೆ ಖಾತ್ರಿಯಾಯಿತು.

"ಇದು... ಮೇಲಿಂದ ಬಂದದ್ದಾ?" ಎಂದು ತಗ್ಗಿದ ದನಿಯಲ್ಲಿ ಆದಪ್ಪನನ್ನೇ ಕೇಳಿದರು.

ಇಲ್ಲ ಅನ್ನಬೇಕಿತ್ತು. ಬಾಯಿ ತೆರೆದ. ದುರುಗಪ್ಪನ ಸನಿಕೆ ನೆಲಕ್ಕೆ ತಾಗಿ ಠಣ್ ಎಂದಿತು. ಆದಪ್ಪನ ತಲೆ ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡಿತು.

"ಮುದುಕಪ್ಪಾ!" ಸಾಹೇಬರ ದನಿ ಒಡೆಯಿತು. "ಇನ್ನೂ ಯಾಕೆ ನಿಂತಿದ್ದೀಯ? ಹನ್ನೆರಡಾಯ್ತು! ಜೀಪು ತಗೊಂಡು ಹೋಗು. ಚೀಟಿಯಲ್ಲಿ ಬರೆದ ಹಾಗೆ ಒಂದೊಂದೂ ನಡೀಬೇಕು. ಚೀಟಿಯಲ್ಲಿ ಹೆಸರಿಲ್ಲದ ತೂಬಿದ್ದರೆ ಮುಚ್ಚಿ ಬೀಗ ಹಾಕು. ತುದಿಗೆ ನೀರು ಮುಟ್ಟಲಿಲ್ಲ ಅಂದರೆ ನನ್ನ ನೌಕರಿ ಹೋಗುತ್ತೆ, ಅದಕ್ಕೂ ಮೊದಲು ನಿನ್ನದು."

ಮುದುಕಪ್ಪ ಒಂದು ಕಾಗದ ಕೈಗೆ ತಗೊಂಡ. "ಯಾರು ಓದಿದ್ರು ಅಂತ ಕೇಳಿದ್ರ ಏನು ಹೇಳಲ್ರೀ?"

"ಲಿಂಗಸುಗೂರಿನ ಬಸ್ಸಪ್ಪ ಮೇಷ್ಟ್ರು ಅಂತ ಹೇಳು!" ಎಂದು ದುರುಗಪ್ಪನೇ ಗರ್ಜಿಸಿದ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಆಮೇಲೆ ಮೂರು ತಾಸಿಗೂ ಮಿಕ್ಕಿ ಆದಪ್ಪ ಆಫೀಸಿನ ಅಂಗಳದ ಬೇವಿನ ಮರದಡಿ ಕೂತ. ಜನ ಅವನಿಗೆ ಚಹಾ ತಂದುಕೊಟ್ಟರು, ಮಿರ್ಚಿ ಭಜಿ ತಂದುಕೊಟ್ಟರು. ಎಲ್ಲವನ್ನೂ ಅವನು ಪಕ್ಕದವರಿಗೆ ದಾಟಿಸಿದ. ತುದಿಯ ಕಾಲುವೆಯಲ್ಲಿ ಹೂಳು ತುಂಬಿರಬಹುದು, ನೀರು ನಡುವೆಯೇ ಇಂಗಬಹುದು, ಏರಿ ಒಡೆಯಬಹುದು ಎಂದು ಒಂದೊಂದೇ ಯೋಚಿಸಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಹೆದರಿದ. ಎರಡು ಸಲ ಮೂತ್ರಕ್ಕೆ ಹೋಗುವ ನೆಪದಲ್ಲಿ ಗೋಡೆ ಹಾರಲು ನೋಡಿದ. ಎರಡು ಸಲವೂ ದುರುಗಪ್ಪ ಗೌರವದಿಂದ ಚೊಂಬು ಹಿಡಿದುಕೊಂಡು ಹಿಂದೆಯೇ ಬಂದ.

ಮೂರೂವರೆಗೆ ಒಂದು ಸೈಕಲ್ ಮೋಟಾರು ಕೂಗುತ್ತ ಬಂತು. ಅದರ ಮೇಲಿದ್ದವನ ಮೈಯೆಲ್ಲ ಕೆಸರು.

"ಬಂತ್ರೋ! ನೀರು ಬಂತು! ತುದಿ ತೂಬಿನಾಗ ಮೊಳಕಾಲು ಮಟ ನೀರು!"

ಅಂಗಳ ಕುಣಿಯಿತು. ಹಿರಿಯನೊಬ್ಬ ಮುಖ ಮುಚ್ಚಿಕೊಂಡು ಅತ್ತ. ಆದಪ್ಪನಿಗೂ ಕಣ್ಣು ತುಂಬಿ ಬಂತು. ಅದು ಸಂತೋಷವೋ ಜೀವ ಉಳಿದ ಸಮಾಧಾನವೋ ಅವನಿಗೇ ತಿಳಿಯಲಿಲ್ಲ. ಇನ್ನು ಮೆಲ್ಲಗೆ ಜಾರಿಕೊಳ್ಳೋಣ ಎಂದು ಏಳುವಾಗ ಗೇಟಿನ ಕಡೆಯಿಂದ ಕೂಗು ಕೇಳಿಸಿತು.

"ಅರೇ ಆದಪ್ಪಾ! ಇಲ್ಲಿ ಅದಿಯೇನು? ಸಕೀನಾಬೀ ನಾಕು ಸರ್ತಿ ಫೋನ್ ಮಾಡ್ಯಾಳ, ಬದುಕ್ಯಾನೋ ಇಲ್ಲೋ ಅಂತ!" ಮಹಮ್ಮದಸಾಬ ಸಂಭ್ರಮ ನೋಡಲು ಬೂತು ಮುಚ್ಚಿಕೊಂಡು ಬಂದಿದ್ದ.

ಕುಣಿತ ನಿಂತಿತು. ದುರುಗಪ್ಪ ಆದಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಆದಪ್ಪ? ಇವರು ಬಸ್ಸಪ್ಪ ಮೇಷ್ಟ್ರು ಅಲ್ಲೇನು?"

"ಯಾವ ಮೇಷ್ಟ್ರು? ಇವನ ಆ ಪಾಳಿ ಬರದ ಹುಡುಗ. ಕಾಲೇಜಿನಾಗ ಓದಾಕತ್ತಾನ."

ಆದಪ್ಪ ಕಣ್ಣು ಮುಚ್ಚಿ ಸನಿಕೆಗೆ ಕಾದ. ಬಂದದ್ದು ಸನಿಕೆಯಲ್ಲ, ದುರುಗಪ್ಪನ ಎರಡು ಕೈ. ಅವು ಅವನನ್ನು ನೆಲದಿಂದ ಎತ್ತಿ ಹೆಗಲ ಮೇಲೆ ಕೂರಿಸಿದವು. "ನೋಡ್ರಲೇ! ಇಷ್ಟು ದೊಡ್ಡ ಕೆಲಸ ಮಾಡಿ ಹೆಸರು ಸುದ್ದಾ ಹೇಳ್ಕೊಳ್ಳಲಿಲ್ಲ! ಇಂಥಾ ದೊಡ್ಡ ಗುಣ ಯಾರಿಗೈತಿ?"

ಮೆಟ್ಟಿಲ ಮೇಲೆ ನಿಂತಿದ್ದ ಸಾಹೇಬರ ಬಣ್ಣ ಮಾತ್ರ ಇಳಿದುಹೋಗಿತ್ತು. "ಓದುವ ಹುಡುಗ ಬರೆದದ್ದಾ? ಮೇಲಿಂದ ಬಂದದ್ದಲ್ವಾ?" ಎಂದು ಗೊಣಗಿದರು. ಆದರೆ ನಲವತ್ತು ಸನಿಕೆಗಳ ಮುಂದೆ ನಿಂತು, ನಾನು ಮೋಸ ಹೋದೆ ಎಂದು ಹೇಳುವ ಸಾಹೇಬರು ಎಲ್ಲಿದ್ದಾರೆ? ಒಂದು ಕ್ಷಣ ಯೋಚಿಸಿ ಗಂಟಲು ಸರಿಮಾಡಿಕೊಂಡರು. "ಇದು ನಾನೇ ಹೇಳಿ ಮಾಡಿಸಿದ ಪಾಳಿ. ಈ ಹಂಗಾಮು ಮುಗಿಯುವವರೆಗೆ ಇದೇ ನಡೆಯುತ್ತದೆ, ಒಂದಕ್ಷರ ಬದಲಿಲ್ಲ" ಎಂದು ಕಾಗದದ ಮೇಲೆ ಸಹಿ ಹಾಕಿ ಠಸ್ಸೆ ಒತ್ತಿದರು.

"ಇವತ್ತಿನ ತಾರೀಖು ಐತಲ್ರೀ ಸಾಹೇಬ್ರ, ನಾಳೆ?" ಎಂದ ಒಬ್ಬ.

"ನಾಳೆ ತೆಗೆದ್ರ ನಾಳಿದು ಬರ್ತೈತಿ" ಎಂದು ಮಹಮ್ಮದಸಾಬ ಭರವಸೆ ಕೊಟ್ಟ. "ದಿನಾ ತೆಗೆದ್ರ ದಿನಾ ಹೊಸದು. ಮಿಷಿನ್ನು ತಪ್ಪಂಗಿಲ್ಲ."

ದುರುಗಪ್ಪ ಆದಪ್ಪನನ್ನು ಹೆಗಲಿನಿಂದ ಇಳಿಸದೆಯೇ ಇನ್ನೊಂದು ಏರ್ಪಾಡು ಮಾಡಿದ. "ಮುಂಜಾನೆ ಯಾರೋ ಇದನ್ನ ಅಳಿಸಿದ್ರಂತ. ನಾಳೆಯಿಂದ ನಮ್ಮವರು ನಾಕು ಮಂದಿ ಲಿಂಗಸುಗೂರಾಗ ಆ ಕಂಪ್ಯೂಟರ್ ಖೋಲಿ ಬಾಗ್ಲಾಗ ಕುಂದ್ರತೀವಿ. ಇದರಾಗಿಂದ ಒಂದು ಸಾಲು ತೆಗೆದವರದು, ಇದಕ್ಕ ಒಂದು ಸಾಲು ಸೇರಿಸಿದವರದು ಕೈ ಮುರಿದು ಕೈಗೆ ಕೊಡ್ತೀವಿ. ಆದಪ್ಪಾ, ನೀ ಏನೂ ಅಂಜಬ್ಯಾಡ."

ಜೀವಮಾನದಲ್ಲಿ ಮೊದಲ ಸಲ ಆದಪ್ಪನಿಗೆ ನಿಜಕ್ಕೂ ಅಂಜಿಕೆಯಾಗಲಿಲ್ಲ. ಹೆಗಲ ಮೇಲಿನಿಂದ ಸಿಂಧನೂರಿನ ರಸ್ತೆ ಬೇರೆಯೇ ಕಾಣುತ್ತಿತ್ತು. ಕೊರಳಲ್ಲಿ ಚೆಂಡುಹೂವಿನ ಮಾಲೆ ಬಿತ್ತು. ಒಬ್ಬರಿಗೂ ಕೆಟ್ಟದ್ದಾಗಲಿಲ್ಲ, ಸತ್ತ ಸಸಿಗೆ ಜೀವ ಬಂತು, ಎಲ್ಲ ಒಂದು ಖಾಲಿ ಖಾನೆಯ ಪುಣ್ಯ ಎಂದು ಎದೆ ಉಬ್ಬಿತು. ಜನ ಅವನನ್ನು ಹೊತ್ತುಕೊಂಡು ಬೂತಿನವರೆಗೆ ಬಂದರು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಮಹಮ್ಮದಸಾಬ ಬೀಗ ತೆಗೆದು ಓಡಿ ಎತ್ತಿಕೊಂಡ.

"ಆದಪ್ಪಾ, ನಿಮ್ಮವ್ವ! ಊರಾಗಿನ ಫೋನಿನಿಂದ ಮಾತಾಡಾಕತ್ತಾಳ. ನೀ ಇಲ್ಲೇ ಅದಿ ಅಂತ ಹೇಳೀನಿ."

ಆದಪ್ಪ ಹೆಗಲಿನಿಂದ ಇಳಿದು ಮಾಲೆ ಸರಿಮಾಡಿಕೊಂಡು ರಿಸೀವರ್ ಹಿಡಿದ. "ಯವ್ವಾ, ಒಂದು ಚಲೋ ಸುದ್ದಿ ಐತಿ..."

"ನಿನ್ನ ಸುದ್ದಿ ಸುಡ್ಲಿ, ಮೊದಲ ನನ್ನ ಸುದ್ದಿ ಕೇಳು." ಗದ್ದೆಮ್ಮನ ದನಿ ಬೂತಿನ ಗಾಜನ್ನು ನಡುಗಿಸಿತು. "ನಡು ಮಧ್ಯಾಹ್ನಕ್ಕ ಮುದುಕಪ್ಪ ಜೀಪು ತಂದು ನಮ್ಮ ತೂಬಿಗೆ ಬೀಗ ಜಡದಾನ. ಯಾಕಂದ್ರ ಯಾವುದೋ ಪಟ್ಟಿಯಾಗ ನಮ್ಮ ತೂಬಿನ ಹೆಸರ ಇಲ್ಲಂತ! ಇಡೀ ಕಾಲುವಿಯಾಗ ನಮ್ಮದೊಂದ ಇಲ್ಲಂತ! ಅರ್ಧ ಹೊಲ ನಾಟಿ ಆಗೈತಿ, ಇನ್ನರ್ಧ ಸಸಿ ಬದುವಿನ ಮ್ಯಾಲ ಬಾಡಾಕತ್ತೈತಿ. ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಒಣ ಕೆಸರಾಗ ನಿಂತಾರ."

ಆದಪ್ಪನಿಗೆ ನಿನ್ನೆ ಸಂಜೆ ತಾನು ಬರೆಯದೆ ಬಿಟ್ಟ ಹನ್ನೆರಡನೆಯ ಸಾಲು ಕಣ್ಣ ಮುಂದೆ ಬಂದು ನಿಂತಿತು. ಬೂತಿನ ಹೊರಗೆ, ಒಂದು ಸಾಲು ಸೇರಿಸಿದವರ ಕೈ ಮುರಿಯುವ ನಲವತ್ತು ಜನ ನಗುತ್ತ ನಿಂತಿದ್ದರು. ಅವನು ಮಾಲೆಯ ಹೂವುಗಳನ್ನು ಒಂದೊಂದಾಗಿ ಕೀಳತೊಡಗಿದ.

"ಕೇಳಾಕತ್ತೀಯೇನೋ?"

"ಹ್ಞೂಂ ಯವ್ವಾ."

"ಆ ಪಟ್ಟಿ ಓದಿ ಸಾಹೇಬಗ ಒಪ್ಪಿಸಿದವ ನಿಮ್ಮ ಲಿಂಗಸುಗೂರಿನವನ ಅಂತ, ಬಸ್ಸಪ್ಪ ಅಂತ ಒಬ್ಬ ಮೇಷ್ಟ್ರು. ಮುದುಕಪ್ಪನ ಕುತ್ತಿಗಿ ಹಿಡಿದು ಬಾಯಿ ಬಿಡಿಸೀನಿ. ನಾಳೆ ಮುಂಜಾನೆ ಮೊದಲ್ನೇ ಬಸ್ಸಿಗೆ ಇಪ್ಪತ್ತು ಮಂದೀನೂ ಕರಕೊಂಡು ನಿಮ್ಮ ಕಾಲೇಜಿಗೆ ಬರ್ತೀನಿ, ಕುಡಗೋಲು ಹಿಡ್ಕೊಂಡ ಬರ್ತೀವಿ. ನೀ ಅಷ್ಟೊತ್ತಿಗೆ ಆ ಬಸ್ಸಪ್ಪನ್ನ ಹುಡುಕಿ ಹಿಡಿದಿಡು. ಹಿಡಿಯೋದು ಆಗ್ಲಿಲ್ಲಂದ್ರ ನೀ ನನ್ನ ಮಗನ ಅಲ್ಲ."

ಹೊರಗೆ ದುರುಗಪ್ಪನಿಗೆ ಉತ್ಸಾಹ ತಡೆಯಲಾಗಲಿಲ್ಲ. ಸನಿಕೆ ಎತ್ತಿ ಹಿಡಿದು ಕೂಗಿದ. ನಲವತ್ತು ಗಂಟಲುಗಳು ಅದನ್ನು ಎತ್ತಿಕೊಂಡವು. "ಪಾಳಿ ಬರದ ಆದಪ್ಪಗ ಜಯವಾಗ್ಲಿ! ವಳಕಮದಿನ್ನಿ ಆದಪ್ಪಗ ಜಯವಾಗ್ಲಿ!"

ಫೋನಿನ ಆಚೆ ಬದಿಯಲ್ಲಿ ಗದ್ದೆಮ್ಮನ ದನಿ ತಗ್ಗಿತು. ಆ ದನಿ ಅಷ್ಟು ತಗ್ಗಿದ್ದನ್ನು ಆದಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಆದಪ್ಪಾ," ಎಂದಳು ಮೆಲ್ಲಗೆ, "ಅಲ್ಲಿ ಯಾಕ ನಿನ್ನ ಹೆಸರು ಕೂಗಾಕತ್ತಾರ?"